ಟೌನ್ ಅಂದರೆ ಊರಾ, ಪೇಟೆಯಾ? ಕನ್ನಡ ಕಲಿಯುವವರಿಗೆ ನಾನು ಹೇಳಿಕೊಡುವ ರೀತಿ

ಹೋದ ವರ್ಷ ಒಂದು ಸಂಜೆ ಎದುರು ಮನೆಯ ಹುಡುಗಿ ಬಂದು ಬಾಗಿಲು ತಟ್ಟಿದಳು. ಮುಖ ಬಾಡಿತ್ತು. ಬೆಳಗ್ಗೆ ಗ್ಯಾಸ್ ಸಿಲಿಂಡರ್ ತರುವವನು ಫೋನ್ ಮಾಡಿ, ‘ಮನೇಲಿದ್ದೀರಾ ಮೇಡಂ?’ ಅಂತ ಕೇಳಿದ್ದಾನೆ. ಅವಳು ಆಫೀಸಿನಲ್ಲಿದ್ದಳು. ಕಲಿತ ಕನ್ನಡ ಬಳಸೋಣ ಅಂತ ಆಸೆಯಿಂದ, ‘ನಾನು ಊರಲ್ಲಿದ್ದೀನಿ’ ಅಂದಳು. ಎಲ್ಲೂ ಹೋಗಿಲ್ಲ, ಸಂಜೆ ಬಂದರೆ ಸಿಗುತ್ತೇನೆ ಅನ್ನೋದು ಅವಳ ಮನಸ್ಸಿನಲ್ಲಿದ್ದ ಮಾತು. ಅವನು ‘ಸರಿ ಮೇಡಂ, ಊರಿಂದ ಬಂದ ಮೇಲೆ ಹೇಳಿ’ ಅಂದವನೇ ಸಿಲಿಂಡರನ್ನು ವಾಪಸ್ ತಗೊಂಡು ಹೋದ. ಅವಳು ರಾಂಚಿಯವಳು. ಅವಳು ರಾಂಚಿಯಲ್ಲಿದ್ದಾಳೆ ಅಂತ ಅವನು ತಿಳಿದುಕೊಂಡ. ಮೂರು ದಿನ ಅವಳ ಅನ್ನ ನಮ್ಮ ಮನೆ ಕುಕ್ಕರಿನಲ್ಲೇ ಆಯಿತು.

ತಪ್ಪು ನನ್ನದು. ‘ಟೌನ್ ಅಂದ್ರೆ ಊರು’ ಅಂತ ಅವಳಿಗೆ ಹೇಳಿಕೊಟ್ಟವಳು ನಾನೇ. ನಾಲ್ಕು ವರ್ಷದಿಂದ ಭಾನುವಾರ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ ಐದಾರು ಜನಕ್ಕೆ ಕನ್ನಡ ಹೇಳಿಕೊಡುತ್ತೇನೆ. ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯವಳು. ಬೆಂಗಳೂರಿಗೆ ಬಂದು 22 ವರ್ಷ ಆಯಿತು. ಊರು ಅನ್ನುವ ಪದವನ್ನು ದಿನಕ್ಕೆ ಇಪ್ಪತ್ತು ಸಲ ಬಳಸುತ್ತೇನೆ. ಆದರೂ ಅದನ್ನು ಬೇರೆಯವರಿಗೆ ಹೇಗೆ ಹೇಳಿಕೊಡಬೇಕು ಅಂತ ಆ ಸಿಲಿಂಡರ್ ಹೋಗುವ ತನಕ ಕೂತು ಯೋಚನೆ ಮಾಡಿರಲಿಲ್ಲ. ಆಮೇಲೆ ಮಾಡಿದೆ. ನಿಮ್ಮ ಪಕ್ಕದ ಮನೆಯವರಿಗೋ, ಆಫೀಸಿನ ಗೆಳೆಯರಿಗೋ, ಹೊರದೇಶದಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳಿಗೋ ನೀವೂ ಕನ್ನಡ ಹೇಳಿಕೊಡುತ್ತಿದ್ದರೆ, ಈ ಒಂದು ಪದಕ್ಕೆ ಎರಡು ಭಾನುವಾರ ಇಟ್ಟುಕೊಳ್ಳಿ. ನಾನು ಹೇಗೆ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ.

ಅರ್ಥ ಬೇಡ, ಎರಡು ವಾಕ್ಯ ಸಾಕು

ಮೊದಲು ‘ಟೌನ್ ಅಂದ್ರೆ ಏನು’ ಅನ್ನುವ ಪ್ರಶ್ನೆಯನ್ನು ಬದಿಗಿಡಿ. ಬೋರ್ಡಿನ ಮೇಲೆ ಈ ಎರಡು ವಾಕ್ಯ ಬರೆಯಿರಿ:

‘ಅವರು ಊರಲ್ಲಿಲ್ಲ.’
‘ಅವರು ಊರಲ್ಲಿದ್ದಾರೆ.’

ಒಂದಕ್ಕೊಂದು ಉಲ್ಟಾ ಅಂತ ಕಲಿಯುವವರು ಹೇಳುತ್ತಾರೆ. ಹೇಳಲಿ. ಆಮೇಲೆ ಬೆಂಗಳೂರಿನ ಒಂದು ಮನೆಯನ್ನು ನೆನೆಯಲು ಹೇಳಿ. ಆ ಮನೆಯ ಯಜಮಾನರು ದೀಪಾವಳಿಗೆ ಹಾಸನದ ಕಡೆ ಹೋಗಿದ್ದಾರೆ. ಬಾಗಿಲಿಗೆ ಬಂದವರಿಗೆ ಪಕ್ಕದ ಮನೆಯವರು ‘ಅವರು ಊರಲ್ಲಿಲ್ಲ’ ಅಂತಲೂ ಹೇಳಬಹುದು, ‘ಅವರು ಊರಲ್ಲಿದ್ದಾರೆ’ ಅಂತಲೂ ಹೇಳಬಹುದು. ಎರಡೂ ನಿಜ. ಮೊದಲನೆಯ ಊರು ನಾವು ನಿಂತಿರುವ ಜಾಗ. ಎರಡನೆಯ ಊರು ಅವರ ಸ್ವಂತ ಜಾಗ, ಹಬ್ಬಕ್ಕೆ ಹೋಗುವ ಜಾಗ.

ಇದು ತಲೆಗೆ ಹೋದರೆ ಅರ್ಧ ಕೆಲಸ ಮುಗಿಯಿತು. ಇಂಗ್ಲಿಷಿನ ಟೌನ್ ಒಂದು ಅಳತೆ: ಹಳ್ಳಿಗಿಂತ ದೊಡ್ಡದು, ಸಿಟಿಗಿಂತ ಚಿಕ್ಕದು. ನಮ್ಮ ಊರಿಗೆ ಅಳತೆ ಇಲ್ಲ. ಹತ್ತು ಮನೆ ಇದ್ದರೂ ಊರೇ, ಒಂದು ಕೋಟಿ ಜನ ಇದ್ದರೂ ಊರೇ. ಯಾರ ಊರು, ಎಲ್ಲಿ ನಿಂತು ಹೇಳುತ್ತಿದ್ದೇವೆ ಅನ್ನೋದು ಮಾತ್ರ ಮುಖ್ಯ.

ಹಾಗಾದರೆ ಆ ಹುಡುಗಿ ಏನು ಹೇಳಬೇಕಿತ್ತು? ‘ಇಲ್ಲೇ ಇದ್ದೀನಿ, ಸಂಜೆ ತಂದುಕೊಡಿ’ ಅಂದಿದ್ದರೆ ಸಾಕಿತ್ತು. ‘ಊರಲ್ಲೇ ಇದ್ದೀನಿ’ ಅಂದಿದ್ದರೂ ಬಹುಶಃ ನಡೆಯುತ್ತಿತ್ತು. ಆ ಒಂದು ಏಕಾರ ಸೇರಿದರೆ ‘ಎಲ್ಲೂ ಹೋಗಿಲ್ಲ’ ಅನ್ನುವ ಅರ್ಥ ಬರುತ್ತದೆ. ಆದರೆ ನೀವು ಊರಿಗೆ ಹೋಗಿದ್ದು ಕೇಳುವವನಿಗೆ ಗೊತ್ತಿದ್ದರೆ, ಅದೇ ‘ಊರಲ್ಲೇ ಇದ್ದೀನಿ’ ಅವನ ಕಿವಿಗೆ ‘ಇನ್ನೂ ಬಂದಿಲ್ಲ’ ಅಂತ ಕೇಳುತ್ತದೆ. ಅದಕ್ಕೇ ಹೊಸಬರಿಗೆ ಊರಿನ ಹೆಸರನ್ನೇ ಹೇಳುವ ಅಭ್ಯಾಸ ಮಾಡಿಸಿ. ‘ಬೆಂಗಳೂರಲ್ಲೇ ಇದ್ದೀನಿ.’ ಇದರಲ್ಲಿ ಎಡವಟ್ಟಾಗಲು ದಾರಿಯೇ ಇಲ್ಲ.

‘ಯಾವೂರು?’ ಅಂದಾಗ ಏನು ಹೇಳಬೇಕು

ಆಟೋದಲ್ಲಿ ಕೂತರೆ, ತರಕಾರಿ ಅಂಗಡಿಗೆ ಹೋದರೆ, ಹೊಸಬರಿಗೆ ಮೊದಲು ಬೀಳುವ ಪ್ರಶ್ನೆ ಇದು. ‘ನಿಮ್ದು ಯಾವೂರು?’ ಇಲ್ಲಿ ಕಲಿಯುವವರು ತಾವು ಇರುವ ಏರಿಯಾ ಹೇಳಿಬಿಡುತ್ತಾರೆ. ‘ಮಾರತಹಳ್ಳಿ’ ಅನ್ನುತ್ತಾರೆ. ಆಟೋದವರು ಕೇಳಿದ್ದು ಅದಲ್ಲ. ನಿಮ್ಮ ಬೇರು ಎಲ್ಲಿದೆ ಅಂತ ಅವರು ಕೇಳಿದ್ದು.

ಉತ್ತರ ಎಲ್ಲ ಕಡೆ ಒಂದೇ ಅಲ್ಲ ಅಂತಲೂ ಹೇಳಿಕೊಡಿ. ನಾನು ದೆಹಲಿಗೆ ಹೋದರೆ ನಮ್ಮೂರು ಬೆಂಗಳೂರು. ಬೆಂಗಳೂರಿನಲ್ಲಿ ಕೇಳಿದರೆ ನಮ್ಮೂರು ತಿಪಟೂರು. ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ನಮ್ಮ ಹಳ್ಳಿಯ ಹೆಸರು. ಹಳ್ಳಿಯಲ್ಲೇ ಯಾರಾದರೂ ಅಜ್ಜಿ ಕೇಳಿದರೆ? ‘ಯಾರ ಮನೆ ಮಗಳು?’ ಅಂತ ಆಗ ಪ್ರಶ್ನೆಯೇ ಬದಲಾಗುತ್ತದೆ. ಈ ನಾಲ್ಕರಲ್ಲಿ ಯಾವುದೂ ಸುಳ್ಳಲ್ಲ. ಕೇಳುವವರಿಗೆ ಗುರುತು ಸಿಗುವಷ್ಟು ಹತ್ತಿರಕ್ಕೆ ಹೋಗಿ ಹೇಳಬೇಕು, ಅಷ್ಟೇ.

ಇನ್ನೊಂದು ಮಾತನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ‘ಯಾವೂರು’ ಆದ ಮೇಲೆ ‘ಯಾರ ಪೈಕಿ’ ಅಂತ ಕೆಲವರು ಮುಂದುವರಿಸುತ್ತಾರೆ. ಅದು ಜಾತಿ ತಿಳಿಯುವ ದಾರಿ. ‘ಯಾವೂರು’ ಬಹಳ ಸಲ ಪ್ರೀತಿಯ ಪ್ರಶ್ನೆಯೇ. ಆದರೂ ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದ ಬಲವಂತ ಇಲ್ಲ, ತಾವೂ ಅದನ್ನು ಯಾರಿಗೂ ಕೇಳಬಾರದು ಅಂತ ನನ್ನ ತರಗತಿಯಲ್ಲಿ ಹೇಳುತ್ತೇನೆ.

ಇದೇ ಸಾಲಿನಲ್ಲಿ ‘ಊರು-ಕೇರಿ’ಯನ್ನೂ ಹೇಳಿ. ಕೇರಿ ಅಂದರೆ ಬೀದಿ, ಓಣಿ. ಆದರೆ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಕೇರಿ ಅಂದರೆ ದಲಿತರ ಮನೆಗಳಿದ್ದ, ಊರಿನಿಂದ ಬೇರೆಯಾಗಿಯೇ ಇಟ್ಟಿದ್ದ ಜಾಗ. ‘ಊರವರೆಲ್ಲ ಬಂದಿದ್ದರು’ ಅಂದಾಗ ಕೇರಿಯವರು ಆ ‘ಎಲ್ಲ’ದಲ್ಲಿ ಇರುತ್ತಿರಲಿಲ್ಲ. ನನ್ನ ಚಿಕ್ಕಂದಿನಲ್ಲಿ ನಮ್ಮ ಹಳ್ಳಿಯಲ್ಲಿ ಹಾಗೇ ಇತ್ತು. ಇಷ್ಟು ಚೆಂದದ ಪದದೊಳಗೆ ಹೀಗೊಂದು ಗೋಡೆಯೂ ಇತ್ತು ಅನ್ನೋದು ಕಲಿಯುವವರಿಗೆ ಗೊತ್ತಿರಲಿ. ಗೊತ್ತಿಲ್ಲದಿದ್ದರೆ ಹಳ್ಳಿಗೆ ಹೋದಾಗ ‘ಕೇರಿ ಯಾವ ಕಡೆ?’ ಅಂತ ಸುಮ್ನೆ ಕೇಳಿ ಯಾರದೋ ಮನಸ್ಸು ನೋಯಿಸಿಬಿಡುತ್ತಾರೆ.

ಪೇಟೆ: ಚೀಲ ಹಿಡಿದು ಹೋಗುವ ಜಾಗ

ನಮ್ಮಪ್ಪ ಯಾವತ್ತೂ ‘ಟೌನ್’ ಅಂದವರಲ್ಲ. ‘ಪ್ಯಾಟೆಗೆ ಹೋಗ್ಬತ್ತೀನಿ’ ಅನ್ನುತ್ತಿದ್ದರು. ಅವರ ಪ್ಯಾಟೆ ಅಂದರೆ ತಿಪಟೂರು. ಕೊಬ್ಬರಿ ಹರಾಜಿಗೆ ಹೋಗುವ ದಿನ ಬೆಳಗ್ಗೆಯೇ ಬಿಳಿ ಪಂಚೆ ಉಟ್ಟು, ತಲೆಗೆ ಟವಲ್ ಸುತ್ತಿ ಹೊರಡುತ್ತಿದ್ದರು. ನಾವು ಮಕ್ಕಳು ಅವರ ಕೈಚೀಲವನ್ನೇ ನೋಡುತ್ತಿದ್ದೆವು. ಬೂದು ಬಣ್ಣದ ಕ್ಯಾನ್ವಾಸ್ ಚೀಲ, ಹಿಡಿಯ ಹತ್ತಿರ ಹೊಲಿಗೆ ಬಿಟ್ಟು ಅಮ್ಮ ಕೆಂಪು ದಾರ ಹಾಕಿದ್ದರು. ಸಂಜೆ ಅದು ಉಬ್ಬಿಕೊಂಡು ಬಂದರೆ ಕೊಬ್ಬರಿಗೆ ಒಳ್ಳೆ ರೇಟು ಬಂದಿದೆ ಅಂತ ಅರ್ಥ. ಖಾರ-ಬೂಂದಿ ಪೊಟ್ಟಣ ಯಾವಾಗಲೂ ಮೇಲೇ ಇರುತ್ತಿತ್ತು, ಪುಡಿಯಾಗಬಾರದು ಅಂತ.

ಪೇಟೆಯನ್ನು ಹೇಳಿಕೊಡುವಾಗ ನಾನು ಆ ಚೀಲದ ಕಥೆ ಹೇಳುತ್ತೇನೆ. ನೀವು ನಿಮ್ಮದನ್ನು ಹೇಳಿ. ಕೊಳ್ಳುವುದು, ಮಾರುವುದು ಇದ್ದರೆ ಪೇಟೆ. ನಗರಸಭೆ ಇದೆಯಾ, ಪಂಚಾಯಿತಿ ಇದೆಯಾ ಅಂತ ಅಲ್ಲಿ ಯಾರೂ ನೋಡುವುದಿಲ್ಲ. ಮಂಗಳೂರು, ಉಡುಪಿ ಕಡೆ ಹತ್ತು ಅಂಗಡಿ, ಒಂದು ಹೋಟೆಲ್, ಒಂದು ಬಸ್ ಸ್ಟಾಪ್ ಇದ್ದರೂ ‘ಪೇಟೆಗೆ ಹೋಗಿ ಬರ್ತೇನೆ’ ಅನ್ನುತ್ತಾರೆ. ಧಾರವಾಡದ ಕಡೆ ಅದು ‘ಪ್ಯಾಟಿ’. ಪೇಪರಿನವರು ಶೇರು ವ್ಯಾಪಾರಕ್ಕೂ ‘ಷೇರುಪೇಟೆ’ ಅಂತಲೇ ಬರೆಯುತ್ತಾರೆ.

ಬೆಂಗಳೂರಿನಲ್ಲಿ ಇರುವವರಿಗಾದರೆ ಹೇಳಿಕೊಡುವುದಕ್ಕಿಂತ ಕರೆದುಕೊಂಡು ಹೋಗುವುದು ಒಳ್ಳೆಯದು. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ, ಒಳಗೆ ಒಂದೊಂದು ಕಸುಬಿಗೆ, ಒಂದೊಂದು ಸರಕಿಗೆ ಒಂದೊಂದು ಪೇಟೆ ಮಾಡಿಸಿದರು. ಆ ಹೆಸರುಗಳು ಇವತ್ತಿಗೂ ಬೋರ್ಡಿನ ಮೇಲೆ ಇವೆ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ. ಕಾಟನ್‌ಪೇಟೆ ಮೊದಲು ಅರಳೇಪೇಟೆ. ಅರಳೆ ಅಂದರೆ ಹತ್ತಿ. ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ ಇಳಿಯಿರಿ. ಒಂದು ಗಂಟೆ ನಡೆಯಿರಿ. ಬೋರ್ಡ್ ಓದಿಸಿ, ‘ಇಲ್ಲಿ ಏನು ಮಾರುತ್ತಿದ್ದರು?’ ಅಂತ ಕೇಳಿ. ಅಕ್ಕಿ, ಬಳೆ, ಎಣ್ಣೆ ಗಾಣ, ಮಡಕೆ. ಒಂದೇ ನಡಿಗೆಯಲ್ಲಿ ಎಂಟು ಪದ ಬಾಯಿಗೆ ಬರುತ್ತದೆ. ಭಾನುವಾರ ಮಾತ್ರ ಬೇಡ, ಜಾಸ್ತಿ ಅಂಗಡಿ ಮುಚ್ಚಿರುತ್ತವೆ. ನಾವು ಹೋಗಿದ್ದು ಒಂದು ಶನಿವಾರ.

ಉಚ್ಚಾರದಲ್ಲಿ ಒಂದು ಕಡೆ ಎಡವುತ್ತಾರೆ. ಪೇಟೆ ಬೇರೆ, ಪೇಟ ಬೇರೆ. ಮೈಸೂರು ಪೇಟ ತಲೆಗೆ ಸುತ್ತುವುದು. ಕೊನೆಯ ಎಕಾರವನ್ನು ನುಂಗಬಾರದು ಅಂತ ಎರಡು ಮೂರು ಸಲ ಹೇಳಿಸಿ. ಹಿಂದಿ ಮಾತಾಡುವವರು ಚಿಕ್ಕಪೇಟೆಯನ್ನು ‘ಚಿಕ್‌ಪೇಟ್’ ಅಂತ ಕಡಿದು ಹೇಳುತ್ತಾರಲ್ಲ, ಅವರಿಗೆ ಇದನ್ನು ಬೇಕಂತಲೇ ಜಾಸ್ತಿ ಹೇಳಿಸುತ್ತೇನೆ.

ಟೌನ್: ಕಂಡಕ್ಟರನ್ನು ಕೇಳುವ ಪದ

ಟೌನ್ ಈಗ ಕನ್ನಡದ ಪದವೇ. ಅದನ್ನು ಬಿಡಿಸಿ ‘ಪಟ್ಟಣ ಅನ್ನಿ’ ಅಂತ ತಿದ್ದಲು ಹೋಗಬೇಡಿ. ತುಮಕೂರು, ತಿಪಟೂರು, ಅರಸೀಕೆರೆಯ ಜನ ದಿನವೂ ಅದನ್ನೇ ಬಳಸುತ್ತಾರೆ. ಆದರೆ ಎಲ್ಲಿ ಬಳಸುತ್ತಾರೆ ಅನ್ನೋದನ್ನು ತೋರಿಸಿ.

ಮುಖ್ಯವಾಗಿ ಬಸ್ಸಿನಲ್ಲಿ. ಈಗ ಹೆದ್ದಾರಿಗಳೆಲ್ಲ ಊರಿನ ಹೊರಗೆ ಹೋಗುತ್ತವೆ. ದೂರದ ಬಸ್ಸುಗಳು ಬೈಪಾಸಿನಲ್ಲೇ ಇಳಿಸಿ ಹೊರಟುಬಿಡುತ್ತವೆ. ರಾತ್ರಿ ಹನ್ನೊಂದಕ್ಕೆ ಬೈಪಾಸಿನಲ್ಲಿ ಇಳಿದರೆ ಆಟೋ ಸಿಗಲ್ಲ, ಬೀದಿದೀಪ ಇರಲ್ಲ. ಅದಕ್ಕೆ ಹತ್ತುವ ಮೊದಲೇ ಕೇಳಬೇಕು: ‘ಟೌನ್ ಒಳಗೆ ಹೋಗುತ್ತಾ, ಬೈಪಾಸಾ?’ ಈ ವಾಕ್ಯವನ್ನು ನನ್ನ ತರಗತಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಲೇಬೇಕು. ಇದನ್ನು ‘ಊರೊಳಗೆ ಹೋಗುತ್ತಾ?’ ಅಂತಲೂ ಕೇಳಬಹುದು. ‘ಪೇಟೆ ಒಳಗೆ ಹೋಗುತ್ತಾ?’ ಅಂತ ಯಾರೂ ಕೇಳುವುದಿಲ್ಲ, ಕೇಳಿದರೆ ಕಂಡಕ್ಟರ್ ಒಂದು ಕ್ಷಣ ಮುಖ ನೋಡುತ್ತಾರೆ.

ಪೊಲೀಸ್ ಠಾಣೆಯಲ್ಲೂ ಈ ಪದ ಬೇಕಾಗುತ್ತದೆ. ಎಷ್ಟೋ ತಾಲ್ಲೂಕು ಊರುಗಳಲ್ಲಿ ‘ಟೌನ್ ಸ್ಟೇಷನ್’, ‘ರೂರಲ್ ಸ್ಟೇಷನ್’ ಅಂತ ಎರಡು ಇರುತ್ತವೆ. ಬೋರ್ಡಿನಲ್ಲಿ ಪುರ ಠಾಣೆ ಅಥವಾ ನಗರ ಠಾಣೆ, ಗ್ರಾಮಾಂತರ ಠಾಣೆ ಅಂತ ಬರೆದಿರುತ್ತದೆ. ಮೊಬೈಲ್ ಕಳೆದದ್ದು ಬಸ್ ಸ್ಟ್ಯಾಂಡಿನಲ್ಲೋ ಹೊಲದ ದಾರಿಯಲ್ಲೋ ಅನ್ನುವುದರ ಮೇಲೆ ಯಾವ ಠಾಣೆ ಅಂತ ನಿರ್ಧಾರ ಆಗುತ್ತದೆ.

ಬೆಂಗಳೂರಿನ ಟೌನುಗಳು ಬೇರೆಯೇ ಕಥೆ. ಫ್ರೇಜರ್ ಟೌನ್, ಕಾಕ್ಸ್ ಟೌನ್, ಬೆನ್ಸನ್ ಟೌನ್, ರಿಚ್‌ಮಂಡ್ ಟೌನ್, ಮರ್ಫಿ ಟೌನ್. ಇವೆಲ್ಲ ಬಡಾವಣೆಗಳು. ಇಲ್ಲಿ ಟೌನ್ ಅಂದರೆ ನಮ್ಮ ‘ನಗರ’ ಇದ್ದ ಹಾಗೆ. ಜಯನಗರ, ರಾಜಾಜಿನಗರ ಅನ್ನುತ್ತೇವಲ್ಲ, ಹಾಗೆ. 1809ರಿಂದ ಬ್ರಿಟಿಷರ ದಂಡು ಇದ್ದ ಕಡೆ ಇವು ಬೆಳೆದವು. ಪೇಟೆಯ ಬೆಂಗಳೂರು ಒಂದು, ದಂಡಿನ ಬೆಂಗಳೂರು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಆಡಳಿತ ಇತ್ತು, 1949ರಲ್ಲಿ ಒಂದೇ ಕಾರ್ಪೊರೇಷನ್ ಆಯಿತು. ಅದಕ್ಕೇ ಒಂದು ಕಡೆ ಹೆಸರೆಲ್ಲ ಪೇಟೆ, ಇನ್ನೊಂದು ಕಡೆ ಟೌನ್. ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ‘ಬೆಂಗಳೂರು ದಂಡು’ ಅಂತ ಓದಿ ನನ್ನ ವಿದ್ಯಾರ್ಥಿಯೊಬ್ಬರು ಸ್ಟೇಷನ್ ತಪ್ಪಿತು ಅಂತ ಗಾಬರಿಯಾಗಿದ್ದರು. ಫ್ರೇಜರ್ ಟೌನಿಗೆ ಪುಲಕೇಶಿನಗರ ಅಂತ ಹೆಸರಿಟ್ಟು ಎಷ್ಟೋ ಕಾಲವಾಯಿತು, ಆಟೋದವರಿಗೆ ಮಾತ್ರ ಈಗಲೂ ಫ್ರೇಜರ್ ಟೌನ್ ಅಂತಲೇ ಹೇಳಬೇಕು.

ಇಂಗ್ಲಿಷಿನ ಈ ಪದದ ಹಳೆಯ ಅರ್ಥ ಗೊತ್ತಾದಾಗ ನನಗೆ ತುಂಬ ಖುಷಿಯಾಯಿತು. ಹಳೆಯ ಇಂಗ್ಲಿಷಿನಲ್ಲಿ ‘ಟೂನ್’ ಅಂದರೆ ಬೇಲಿ ಹಾಕಿದ ಜಾಗ. ಜರ್ಮನ್ ಭಾಷೆಯಲ್ಲಿ ಅದರ ನಂಟಿನ ಪದ ‘ತ್ಸೌನ್’ಗೆ ಈಗಲೂ ಬೇಲಿ ಅಂತಲೇ ಅರ್ಥ. ನಮ್ಮ ಹಟ್ಟಿಯೂ ಹಾಗೇ ಅಲ್ವಾ? ಕರಾವಳಿಯಲ್ಲಿ ಹಟ್ಟಿ ಅಂದರೆ ದನ ಕಟ್ಟುವ ಕೊಟ್ಟಿಗೆ. ಚಿತ್ರದುರ್ಗದ ಕಡೆ ಹಟ್ಟಿ ಅಂದರೆ ಜನ ಇರುವ ಊರು, ಗೊಲ್ಲರಹಟ್ಟಿ ಅನ್ನುತ್ತಾರಲ್ಲ. ದನಕ್ಕೆ ಹಾಕಿದ ಬೇಲಿಯ ಪಕ್ಕ ಮನುಷ್ಯ ಮನೆ ಕಟ್ಟಿದ, ಬೇಲಿಯ ಹೆಸರೇ ಊರಿಗೂ ನಿಂತಿತು.

ಪಟ್ಟಣ, ಪುರ, ನಗರ: ಕಾಗದದ ಪದಗಳು

ಇದನ್ನು ಬೇಗ ಮುಗಿಸಿ. ಪಟ್ಟಣವನ್ನು ಈಗ ಬಾಯಿಮಾತಿನಲ್ಲಿ ಬಳಸುವವರು ಕಡಿಮೆ. ಹಳಬರು ‘ಪಟ್ಣ’ ಅನ್ನುತ್ತಾರೆ. ಊರ ಹೆಸರುಗಳಲ್ಲಿ ಗಟ್ಟಿಯಾಗಿ ಕೂತಿದೆ: ಶ್ರೀರಂಗಪಟ್ಟಣ, ಚನ್ನಪಟ್ಟಣ, ಪಿರಿಯಾಪಟ್ಟಣ. ಉಳಿದಂತೆ ಅದು ಪೇಪರಿನ ಪದ, ಸರ್ಕಾರದ ಪದ.

ಸರ್ಕಾರದ ಲೆಕ್ಕ ಮಾತ್ರ ಜನಸಂಖ್ಯೆಯ ಮೇಲೆ. ಕರ್ನಾಟಕದಲ್ಲಿ ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಜನ ಇದ್ದರೆ ಪಟ್ಟಣ ಪಂಚಾಯಿತಿ. 20 ಸಾವಿರದಿಂದ 50 ಸಾವಿರದವರೆಗೆ ಪುರಸಭೆ. ಅಲ್ಲಿಂದ 3 ಲಕ್ಷದವರೆಗೆ ನಗರಸಭೆ. ಅದಕ್ಕೂ ಮೇಲೆ ಮಹಾನಗರ ಪಾಲಿಕೆ. ಜನಗಣತಿಯವರದ್ದು ಇನ್ನೊಂದು ಅಳತೆ. ಕನಿಷ್ಠ 5,000 ಜನ ಇರಬೇಕು, ಚದರ ಕಿಲೋಮೀಟರಿಗೆ 400 ಜನ ಇರಬೇಕು, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಜನವಾದರೂ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಹಾಗಾಗಿ ಗ್ರಾಮ ಪಂಚಾಯಿತಿಯೇ ಇದ್ದರೂ ಜನಗಣತಿಯ ಪುಸ್ತಕದಲ್ಲಿ ಅದು ಪಟ್ಟಣ ಆಗಿರಬಹುದು.

ಕಲಿಯುವವರಿಗೆ ಇದು ಯಾಕೆ ಬೇಕು ಅಂದರೆ, ಅವರು ಮುಂದೆ ಸೈಟ್ ನೋಡಲು ಹೋಗುತ್ತಾರೆ. ಆಸ್ತಿಯ ಆನ್‌ಲೈನ್ ದಾಖಲೆ ಗ್ರಾಮ ಪಂಚಾಯಿತಿಯದ್ದಾದರೆ ಇ-ಸ್ವತ್ತು, ಪುರಸಭೆ-ನಗರಸಭೆಯದ್ದಾದರೆ ಇ-ಆಸ್ತಿ. ‘ಇದು ಟೌನಿಗೆ ಸೇರುತ್ತಾ, ಪಂಚಾಯ್ತಿಗಾ?’ ಅಂತ ಕೇಳಲು ಬಂದರೆ ಸಾಕು. ಅರ್ಜಿಗಳಲ್ಲಿ ‘ಗ್ರಾಮ/ಪಟ್ಟಣ’ ಅಂತ ಇರುವ ಕಡೆ ನಿಮ್ಮ ವಿಳಾಸದ ಊರಿನ ಹೆಸರು ಬರೆಯಬೇಕು, ಗ್ರಾಮ ಅಂತಲೋ ಪಟ್ಟಣ ಅಂತಲೋ ಆರಿಸಬೇಕಿಲ್ಲ ಅಂತಲೂ ಹೇಳಿಬಿಡಿ. ನನ್ನ ತರಗತಿಯಲ್ಲಿ ಇಬ್ಬರು ಬರೀ ‘ಪಟ್ಟಣ’ ಅಂತ ಬರೆದು ಅರ್ಜಿ ವಾಪಸ್ ಬಂದಿತ್ತು.

ಇಗೆ, ಗೆ, ಕ್ಕೆ

ಎರಡನೆಯ ಭಾನುವಾರಕ್ಕೆ ಇದನ್ನಿಡಿ. ನಾಲ್ಕೂ ಪದ ಈಗ ಗೊತ್ತು. ಹೋಗುವುದು ಹೇಗೆ? ಊರಿಗೆ, ಪೇಟೆಗೆ, ಪಟ್ಟಣಕ್ಕೆ, ಟೌನಿಗೆ. ಬರುವುದು? ಊರಿಂದ, ಪೇಟೆಯಿಂದ, ಪಟ್ಟಣದಿಂದ, ಟೌನಿಂದ. ಇರುವುದು? ಊರಲ್ಲಿ, ಪೇಟೆಯಲ್ಲಿ, ಪಟ್ಟಣದಲ್ಲಿ, ಟೌನಲ್ಲಿ.

ವ್ಯಾಕರಣದ ಹೆಸರು ಹೇಳಲೇಬೇಡಿ. ಈ ನಾಲ್ಕನ್ನು ಹಾಡಿನ ಹಾಗೆ ಹೇಳಿಸಿ, ಆಮೇಲೆ ನಿಜವಾದ ಊರುಗಳನ್ನು ಕೊಡಿ. ಉಕಾರದಲ್ಲಿ ಮುಗಿದರೆ ಊರಿನ ದಾರಿ: ಮೈಸೂರಿಗೆ, ತುಮಕೂರಿಗೆ. ಇಕಾರ, ಎಕಾರ ಬಂದರೆ ಪೇಟೆಯ ದಾರಿ: ಹುಬ್ಬಳ್ಳಿಗೆ, ಉಡುಪಿಗೆ, ದಾವಣಗೆರೆಗೆ. ಅಕಾರದಲ್ಲಿ ಮುಗಿದರೆ ಪಟ್ಟಣದ ದಾರಿ: ಮಂಡ್ಯಕ್ಕೆ, ಹಾಸನಕ್ಕೆ, ಧಾರವಾಡಕ್ಕೆ. ಟೌನಿನ ಹಾಗೆ ಅರ್ಧಾಕ್ಷರದಲ್ಲಿ ನಿಂತರೆ ಬೀದರಿಗೆ, ಅಥವಾ ಬೀದರ್‌ಗೆ. ನಾಲ್ಕು ಪದ ಗೊತ್ತಿದ್ದರೆ ಕರ್ನಾಟಕ ಪೂರ್ತಿ ತಿರುಗಬಹುದು. ನನ್ನ ತರಗತಿಯ ಒಬ್ಬರು ರೈಲ್ವೆ ಟೈಮ್‌ಟೇಬಲ್ ಇಟ್ಟುಕೊಂಡು ಒಂದೊಂದು ಸ್ಟೇಷನ್ನಿಗೂ ಇದನ್ನು ಹಚ್ಚಿದರು. ಅದಕ್ಕಿಂತ ಒಳ್ಳೆ ಹೋಂವರ್ಕ್ ನನಗೂ ಹೊಳೆದಿರಲಿಲ್ಲ.

ಊರು ಬೇರೆ ಪದದ ಜೊತೆ ಅಂಟಿಕೊಳ್ಳುವುದನ್ನೂ ಈಗಲೇ ಹೇಳಿಸಿ. ನಮ್ಮೂರು, ನಿಮ್ಮೂರು, ಯಾವೂರು, ಹುಟ್ಟೂರು, ತವರೂರು, ಪಕ್ಕದೂರು. ಶಾಲೆಯಲ್ಲಿ ಲೋಪಸಂಧಿಗೆ ಉದಾಹರಣೆ ಅಂದರೆ ‘ಊರು + ಅಲ್ಲಿ = ಊರಲ್ಲಿ’ ಅಂತ ನಾವೆಲ್ಲ ಕಲಿತಿದ್ದೇವೆ. ಹೊಸಬರಿಗೆ ಸಂಧಿಯ ಹೆಸರು ಬೇಡ. ಆದರೆ ‘ನಮ್ಮ ಊರು’ ಅಂತ ಬಿಡಿಸಿ ಹೇಳಿದರೆ ಪುಸ್ತಕ ಓದಿದ ಹಾಗೆ ಕೇಳುತ್ತದೆ, ‘ನಮ್ಮೂರು’ ಅಂದರೆ ನಮ್ಮವರ ಹಾಗೆ ಕೇಳುತ್ತದೆ ಅಂತ ಹೇಳಿ. ಕಿವಿ ಚುರುಕಾಗುತ್ತದೆ.

ಆಮೇಲೆ ಬೋರ್ಡಿನ ಮೇಲೆ ಬ್ಯಾಂಗಲೋರ್, ಮೈಸೋರ್, ಮ್ಯಾಂಗಲೋರ್ ಅಂತ ಬರೆದು, ಇವುಗಳಲ್ಲಿ ಊರು ಎಲ್ಲಿದೆ ಅಂತ ಕೇಳಿ. ಇಂಗ್ಲಿಷಿನವರ ಬಾಯಲ್ಲಿ ‘ಓರ್’ ಆಗಿದ್ದು ನಮ್ಮ ಊರೇ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರನ್ನು ಸರ್ಕಾರ ಬದಲಿಸಿತು. ಹೆಚ್ಚಿನವು ನಾವು ಕರೆಯುತ್ತಿದ್ದ ಹೆಸರೇ ಇಂಗ್ಲಿಷ್ ಬೋರ್ಡಿಗೂ ಬಂದಿದ್ದು. ಬೆಂಗಳೂರು ಅನ್ನುವ ಹೆಸರಂತೂ ಸಾವಿರ ವರ್ಷಕ್ಕೂ ಹಳೆಯದು. ಬೇಗೂರಿನ ದೇವಸ್ಥಾನದಲ್ಲಿ ಸುಮಾರು 9ನೇ ಶತಮಾನದ ಕೊನೆಯ ಒಂದು ವೀರಗಲ್ಲು ಇದೆ. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಆ ಕಲ್ಲನ್ನು ತೋರಿಸಿ, ‘ಆಗಲೂ ಇದು ಊರೇ’ ಅಂದಾಗ ನನ್ನ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಬಾಯಿಗೆ ಬರಬೇಕಾದ ಮಾತುಗಳು

ಗಾದೆಗಳ ಪಟ್ಟಿ ಕೊಡಬೇಡಿ, ಒಂದೂ ನೆನಪಿರಲ್ಲ. ಸಂದರ್ಭ ಬಂದಾಗ ಒಂದೊಂದೇ ಹೇಳಿ. ಹೊರಗಿನವರಿಗೆಲ್ಲ ಸಹಾಯ ಮಾಡಿ ಮನೆಯ ಕೆಲಸ ಮರೆಯುವವರಿಗೆ ‘ಊರಿಗೆ ಉಪಕಾರಿ, ಮನೆಗೆ ಮಾರಿ’. ಕಳ್ಳತನ ಆದ ಮೇಲೆ ಸಿಸಿಟಿವಿ ಹಾಕಿಸಿದರೆ ‘ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು’. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಿಜವಾಗಿಯೂ ಹಾಗಾಗಿತ್ತು. ಅವತ್ತು ಹೇಳಿಕೊಟ್ಟ ಗಾದೆಯನ್ನು ಒಬ್ಬರೂ ಮರೆತಿಲ್ಲ. ಬೇರೆಯವರ ವಿಷಯಕ್ಕೆ ತಲೆ ಹಾಕಿದರೆ ‘ಊರ ಉಸಾಬರಿ ನಿಂಗ್ಯಾಕೆ?’. ವಯಸ್ಸಾದವರು ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಅಂದರೆ ಅಲ್ಲಿ ಕಾಡು ಅಂದರೆ ಸುಡುಗಾಡು, ನಗಬಾರದು ಅಂತ ಮೊದಲೇ ಎಚ್ಚರಿಸಿ.

ಊಟದ ಕಡೆಯಿಂದಲೂ ಬರಬಹುದು. ಫಾರಂ ಕೋಳಿ ಅಲ್ಲದ ಕೋಳಿಗೆ ನಮ್ಮ ಕಡೆ ನಾಟಿ ಕೋಳಿ ಅನ್ನುತ್ತೇವೆ, ಹುಬ್ಬಳ್ಳಿ ಕಡೆ ಜವಾರಿ ಕೋಳಿ, ಮಂಗಳೂರು ಕಡೆ ‘ಊರ ಕೋಳಿ’. ಅಲ್ಲಿ ಊರ ಅಂದರೆ ನಮ್ಮ ನೆಲದ್ದು, ಹೊರಗಿಂದ ತಂದದ್ದಲ್ಲ ಅಂತ. ಮಂಗಳೂರಿನ ಹೋಟೆಲಿನಲ್ಲಿ ಇದನ್ನು ಓದಿ, ‘ಯಾವ ಊರಿನ ಕೋಳಿ?’ ಅಂತ ಕೇಳುವ ಮೊದಲು ಗೊತ್ತಿದ್ದರೆ ಒಳ್ಳೆಯದು.

ಹಾಗೇ ‘ಊರುಗೋಲು’ ಬಂದರೆ ಅದು ಈ ಊರಲ್ಲ ಅನ್ನಿ. ಅದು ನೆಲಕ್ಕೆ ಊರುವುದು, ಒತ್ತಿ ನಿಲ್ಲಿಸುವುದು. ‘ಕಾಲೂರಿ ನಿಂತ’ ಅನ್ನುವುದೂ ಅದೇ.

ಕೊನೆಯ ಪರೀಕ್ಷೆ

ಎರಡನೆಯ ಭಾನುವಾರ ಮುಗಿಯುವಾಗ ಫೋನ್ ಆಟ ಆಡಿಸಿ. ನೀವು ಫೋನ್ ಮಾಡುವವರು, ಅವರು ಉತ್ತರ ಕೊಡುವವರು. ಒಂದು ಸಲ ಕೊರಿಯರ್‌ನವರು, ಒಂದು ಸಲ ಮನೆ ಓನರ್, ಒಂದು ಸಲ ಗ್ಯಾಸ್‌ನವರು. ‘ಹಬ್ಬಕ್ಕೆ ಊರಿಗೆ ಹೋಗ್ತೀರಾ?’ ‘ಊರಿಂದ ಯಾವಾಗ ಬಂದ್ರಿ?’ ‘ಟೌನಲ್ಲಿ ಇದ್ದೀರಾ, ಹೊರಗಿದ್ದೀರಾ?’ ಯೋಚನೆ ಮಾಡಲು ಸಮಯ ಕೊಡಬೇಡಿ. ತಡವರಿಸಿದರೆ ನಿಲ್ಲಿಸಿ, ಅದೇ ವಾಕ್ಯವನ್ನು ಇನ್ನೊಂದು ಸಲ ಕೇಳಿ.

ರಾಂಚಿಯ ಹುಡುಗಿಗೆ ಈ ಆಟದಲ್ಲಿ ನಾನೇ ಗ್ಯಾಸ್‌ನವಳಾದೆ. ‘ಮನೇಲಿದ್ದೀರಾ ಮೇಡಂ?’ ಅಂದೆ. ‘ಇಲ್ಲ, ಆಫೀಸಲ್ಲಿದ್ದೀನಿ. ಎದುರು ಮನೆ ಆಂಟಿ ಊರಲ್ಲೇ ಇದ್ದಾರೆ, ಅವರ ಹತ್ರ ಕೊಟ್ಟುಬಿಡಿ’ ಅಂದಳು.